ಖಾಲಿ ಪಿಕಪ್ 55 ದಾಟಿದ್ರೆ ನಡುಗುತ್ತೆ, ಹೊಸ ಕ್ರಾಸ್ ಹಾಕ್ಸಿದ್ಮೇಲೆ ಶುರುವಾಗಿದೆ

ಮುಳಬಾಗಿಲು_ಪಿಕಪ್:

ಎಲ್ಲರಿಗೂ ನಮಸ್ಕಾರ. ನಮ್ಮೂರು ಮುಳಬಾಗಿಲು ಹತ್ರ ಒಂದು ಹಳ್ಳಿ, ನಂದು 1.3 ಟನ್ ಪಿಕಪ್, 2017ರ ಮಾಡೆಲ್, 1 ಲಕ್ಷ 84 ಸಾವಿರ ಕಿಲೋಮೀಟರ್ ಓಡಿದೆ. ಸೀಸನ್‌ನಲ್ಲಿ ದಿನಾ ರಾತ್ರಿ ಕೋಲಾರ ಎಪಿಎಂಸಿಗೆ ಟೊಮೇಟೊ ಹೊಡೀತೀನಿ, ಬೆಳಗ್ಗೆ ಖಾಲಿ ಬಾಕ್ಸ್ ತುಂಬ್ಕೊಂಡು ವಾಪಸ್. ಗಾಡಿ ನಿಂತ್ರೆ ನಮ್ಮ ಮನೆ ಅಷ್ಟೇ ಅಲ್ಲ, ನನ್ನ ನಂಬ್ಕೊಂಡಿರೋ ನಾಲ್ಕು ಜನ ರೈತರ ಮಾಲೂ ತೋಟದಲ್ಲೇ ಉಳಿಯುತ್ತೆ, ಅದಕ್ಕೇ ವಿವರವಾಗಿ ಬರೀತಿದೀನಿ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಮೂರು ತಿಂಗಳ ಹಿಂದೆ ಹಿಂದಿನ ಕಮಾನು (ಪ್ಲೇಟ್ ಸ್ಪ್ರಿಂಗ್) ಕೂತ್ಕೊಂಡುಬಿಟ್ಟಿತ್ತು, ಲೋಡ್ ಹಾಕಿದ್ರೆ ಆಕ್ಸಲ್ ಚಾಸಿ ಕೆಳಗಿನ ರಬ್ಬರ್ ಬಂಪ್ ಸ್ಟಾಪ್‌ಗೆ ಹೊಡೀತಿತ್ತು. ಹಂಗಾಗಿ ಎರಡೂ ಕಡೆ ಎರಡೆರಡು ಪ್ಲೇಟ್ ಎಕ್ಸ್‌ಟ್ರಾ ಹಾಕಿಸ್ದೆ. ಗಾಡಿ ಹಿಂದೆ ಚೆನ್ನಾಗಿ ಎದ್ದು ನಿಂತ್ಕೊಂತು. ಒಂದು ತಿಂಗಳು ಆದ್ಮೇಲೆ ರಿವರ್ಸಿಂದ ಫಸ್ಟಿಗೆ ಹಾಕಿ ಕ್ಲಚ್ ಬಿಟ್ರೆ ಕೆಳಗಡೆ 'ಟಕ್' ಅಂತ ಸದ್ದು ಶುರುವಾಯ್ತು. ಇಲ್ಲೇ ರೋಡ್ ಸೈಡ್ ಗ್ಯಾರೇಜಲ್ಲಿ ತೋರಿಸಿದ್ರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿಂದ ಹಿಂದಿನ ಆಕ್ಸಲ್‌ಗೆ ತಿರುಗೋ ಉದ್ದ ಪೈಪು, ನಂದ್ರಲ್ಲಿ ಎರಡು ತುಂಡು) ಕ್ರಾಸ್, ಅಂದ್ರೆ ಅದು ಸೇರೋ ಕಡೆ ಇರೋ ಜಾಯಿಂಟು, ಹೋಗಿದೆ ಅಂದ್ರು, ಶಾಫ್ಟ್ ಇಳಿಸಿ ಹಿಂದಿಂದು ಮತ್ತೆ ನಡುವಿಂದು ಎರಡು ಕ್ರಾಸ್ ಹೊಸದು ಹಾಕಿದ್ರು. ಟಕ್ ಸದ್ದು ಸುಮಾರು ಕಮ್ಮಿ ಆಯ್ತು ಆದ್ರೆ ಅವತ್ತಿಂದ ಬೇರೆ ತೊಂದರೆ.

ಖಾಲಿ ಗಾಡೀಲಿ 55 ದಾಟ್ತಿದ್ದಂಗೆ ಫ್ಲೋರ್ ಎಲ್ಲಾ ಗುಂಯ್ ಅಂತ ನಡುಗುತ್ತೆ, ಗೇರ್ ಲಿವರ್ ಮೇಲೆ ಕೈಯಿಟ್ರೆ ಜುಮ್ ಅನ್ನುತ್ತೆ, ಒಳಗಿನ ಕನ್ನಡೀಲಿ ಹಿಂದಿನ ಗಾಡಿ ಎರಡೆರಡು ಕಾಣುತ್ತೆ. 70 ದಾಟಿದ್ರೆ ಸ್ವಲ್ಪ ಕಮ್ಮಿ. 80 ಬಾಕ್ಸ್ ಟೊಮೇಟೊ ತುಂಬಿದ್ರೆ, ಅಂದ್ರೆ 15 ಕೆಜಿ ಲೆಕ್ಕದಲ್ಲಿ 1200 ಕೆಜಿ ಮಾಲು, ಜೊತೆಗೆ ಬಾಕ್ಸ್ ತೂಕ, ಆಗ ಈ ನಡುಕ ಅರ್ಧಕ್ಕರ್ಧ ಇಳಿಯುತ್ತೆ. ಆದ್ರೆ ಲೋಡಲ್ಲಿ ಏರು ಜಾಗದಲ್ಲಿ ನಿಂತು ಎತ್ತೋವಾಗ ಗಡಗಡಗಡ ಅಂತ ನಾಲ್ಕೈದು ಸಲ ಹೊಡೆದು ಆಮೇಲೆ ಸರಿಹೋಗುತ್ತೆ.

ವೀಲ್ ಬ್ಯಾಲೆನ್ಸಿಂಗ್ ಮಾಡಿಸ್ದೆ, ಒಂದು ಚೂರೂ ಬದಲಾವಣೆ ಇಲ್ಲ. ಈಗ ಒಬ್ರು ಪೂರ್ತಿ ಶಾಫ್ಟ್ ಅಸೆಂಬ್ಲಿ ಬದಲಾಯಿಸು ಅಂತಾರೆ, ಇನ್ನೊಬ್ರು ಹಿಂದಿನ ಆಕ್ಸಲ್ ಒಳಗಿನ ಗೇರು, ಕ್ರೌನ್ ಪಿನಿಯನ್, ಹೋಗಿದೆ, ಅದಿರೋ ಡಬ್ಬಿ ಅಂದ್ರೆ ಹೌಸಿಂಗ್ ಬಿಚ್ಬೇಕು ಅಂತಾರೆ. ಎರಡೂ ಸಾವಿರಗಟ್ಟಲೆ ದುಡ್ಡಿನ ಮಾತು. ಬಿಚ್ಚೋಕ್ ಮುಂಚೆ ಯಾವುದು ಅಂತ ನಾನೇ ಕಂಡುಹಿಡಿಯೋಕೆ ಆಗುತ್ತಾ? ಸ್ಪ್ಯಾನರ್ ಸೆಟ್, ಜ್ಯಾಕ್ ಎಲ್ಲಾ ಇದೆ, ಸಣ್ಣಪುಟ್ಟ ಕೆಲಸ ನಾನೇ ಮಾಡ್ಕೊಂತೀನಿ.


ಘಟ್ಟದ_ಅಡಿಕೆ_ಗಾಡಿ:

ನಮ್ಮದು ಬೆಳ್ತಂಗಡಿ ಕಡೆ. ಮೊದಲು ಒಂದು ಚಿಕ್ಕ ಕೆಲಸ ಮಾಡಿ ಮಾರಾಯ್ರೆ, ಗಾಡಿಯ ಅಡಿಭಾಗಕ್ಕೆ ಪ್ರೆಶರ್ ವಾಶ್ ಹೊಡೆಸಿ ಶಾಫ್ಟನ್ನು ಪೂರ್ತಿ ತೊಳೆದು ನೋಡಿ. ಮಳೆಗಾಲದಲ್ಲಿ ತೋಟದ ಕೆಂಪು ಮಣ್ಣು ಶಾಫ್ಟಿನ ಒಂದು ಬದಿಗೆ ಹತ್ತಿ ಗಟ್ಟಿಯಾಗಿ ಕೂತ್ರೆ ಸಾಕು, ಬ್ಯಾಲೆನ್ಸ್ ತಪ್ಪಿ ಇದೇ ರೀತಿ ನಡುಗ್ತದೆ. ನನಗೆ ಒಮ್ಮೆ ಪ್ಲಾಸ್ಟಿಕ್ ಹಗ್ಗ ಸುತ್ತಿಕೊಂಡು ಹೀಗೇ ಆಗಿತ್ತು. ತೊಳೆದ ಮೇಲೆ ಪೈಪಿನ ಮೇಲೆ ಕೈಯಾಡಿಸಿ, ಎಲ್ಲಾದ್ರೂ ಜಜ್ಜಿದ ಗುಳಿ ಉಂಟಾ, ಬ್ಯಾಲೆನ್ಸಿಗೆ ಅಂತ ಕಂಪನಿಯವರು ವೆಲ್ಡ್ ಮಾಡಿದ ಸಣ್ಣ ತಗಡಿನ ತುಂಡು ಬಿದ್ದುಹೋದ ಗುರುತು ಉಂಟಾ ನೋಡಿ. ತುಂಡು ಇದ್ದ ಕಡೆ ಬಣ್ಣ ಎದ್ದು ಎರಡು ವೆಲ್ಡ್ ಚುಕ್ಕಿ ಮಾತ್ರ ಉಳಿದಿರ್ತದೆ.

ಇನ್ನೊಂದು ಹೇಳಲೇಬೇಕು. ಇದನ್ನು "ನಡೀತದೆ ಬಿಡು" ಅಂತ ಓಡಿಸಬೇಡಿ. ನಾಲ್ಕು ವರ್ಷದ ಹಿಂದೆ ಚಾರ್ಮಾಡಿ ಇಳಿಯುವಾಗ ನನ್ನ ಗಾಡಿಯ ಹಿಂದಿನ ಜಾಯಿಂಟ್ ಬಿಟ್ಟುಹೋಯ್ತು. ಎರಡು ದಿನದಿಂದ ಟಿಕ್ ಟಿಕ್ ಅಂತಿತ್ತು, ಲೋಡ್ ಇಳಿಸಿ ನೋಡುವ ಅಂತ ಬಿಟ್ಟಿದ್ದೆ. ಶಾಫ್ಟ್ ಬಿದ್ದ ಕೂಡಲೇ ಎಂಜಿನ್ ಬ್ರೇಕ್ ಹೋಯ್ತು, ಸೆಕೆಂಡ್ ಗೇರಲ್ಲಿ ಇದ್ದ ಗಾಡಿ ನ್ಯೂಟ್ರಲ್ ಆದ ಹಾಗೆ ಓಡ್ಲಿಕ್ಕೆ ಶುರು. ಅಡಿಯಲ್ಲಿ ಶಾಫ್ಟ್ ರೋಡಿಗೆ ಬಡಿದು ಕಿಡಿ. ಕಾಲು ಬ್ರೇಕ್ ಇನ್ನೂ ಬಿಸಿಯಾಗಿರ್ಲಿಲ್ಲ, ಗುಡ್ಡೆಯ ಬದಿ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಮುಂದಿನ ಜಾಯಿಂಟ್ ಬಿಟ್ಟಿದ್ರೆ ಇನ್ನೂ ಕಷ್ಟ, ಶಾಫ್ಟಿನ ಮುಂದಿನ ತುದಿ ನೆಲಕ್ಕೆ ಕುತ್ತಿದ್ರೆ ಗಾಡಿಯನ್ನೇ ಎತ್ತಿ ಹಾಕ್ತದೆ. ಅವತ್ತಿಂದ ನಾನು ಪ್ರತಿ ಟ್ರಿಪ್ಪಿಗೆ ಮುಂಚೆ ಬಗ್ಗಿ ಫ್ಲೇಂಜ್ (ಶಾಫ್ಟ್ ತುದಿಯ ಬೋಲ್ಟ್ ಹಾಕುವ ತಟ್ಟೆ) ಬೋಲ್ಟ್ ನೋಡದೆ ಘಟ್ಟ ಇಳಿಯುವುದಿಲ್ಲ.


ಹುಬ್ಬಳ್ಳಿ_ಮಿಸ್ತ್ರಿ:

ತಮ್ಮಾ, ಶಾಫ್ಟೂ ಬದ್ಲಿ ಮಾಡಬ್ಯಾಡ, ಹೌಸಿಂಗೂ ಬಿಚ್ಚಬ್ಯಾಡ ಈಗ. ನೀ ಬರ್ದಿದ್ರಾಗನ ಅರ್ಧ ಉತ್ತರ ಐತಿ. ಪ್ಲೇಟ್ ಏರಿಸಿದ ಮ್ಯಾಲೆ ಟಕ್ ಬಂತು, ಶಾಫ್ಟ್ ಇಳಿಸಿ ಏರಿಸಿದ ಮ್ಯಾಲೆ ನಡುಕ ಬಂತು. ಗಾಡಿ ಒಳಗ ಯಾರ ಕೈ ಆಡಿಸ್ಯಾರೋ ಅಲ್ಲಿಂದನ ಹುಡುಕೂದು ಚಾಲೂ ಮಾಡಬೇಕು. ಕ್ರೌನ್ ಪಿನಿಯನ್ ಹೋದ್ರ ಹಿಂಗ ನಡುಗೂದಿಲ್ಲ, ಅದು ಅಳತೈತಿ. ಆಕ್ಸಿಲರೇಟರ್ ಒತ್ತಿದ್ರ ಒಂದು ಸ್ವರ, ಬಿಟ್ರ ಇನ್ನೊಂದು ಸ್ವರ, ಊಂಯ್ ಅಂತ ಹಿಂದಿಂದ ಬರ್ತೈತಿ.

ಮೊದ್ಲ ರೋಡಿನ ಮ್ಯಾಲೆ ಪರೀಕ್ಷೆ ಮಾಡು. ಟ್ರಾಫಿಕ್ ಇಲ್ಲದ ಸಪಾಟ ರೋಡಿಗೆ ಹೋಗು, ನಡುಕ ಜೋರ ಇರೂ ಸ್ಪೀಡಿಗೆ, ಅಂದ್ರ 60 ಇಟ್ಕೊ, ನಾಲ್ಕನೇ ಗೇರಿನ್ಯಾಗ ನೋಡು, ಅದ 60ಕ್ಕ ಐದನೇ ಗೇರಿನ್ಯಾಗ ನೋಡು. ಎಂಜಿನ್ ಆರ್‌ಪಿಎಂ ಬ್ಯಾರೆ ಆತು, ಗಾಡಿ ಸ್ಪೀಡ್ ಅದ ಉಳೀತು. ನಡುಕ ಎರಡರಾಗೂ ಒಂದ ನಮೂನಿ ಇದ್ರ ಎಂಜಿನ್, ಕ್ಲಚ್ ಪ್ಲೇಟ್ ಇವು ಯಾವೂ ಅಲ್ಲ, ಗೇರ್ ಬಾಕ್ಸ್ ದಾಟಿ ಹಿಂದಿನ ಸಾಮಾನು. ಆಮ್ಯಾಲೆ 65ಕ್ಕ ಹೋಗಿ ನ್ಯೂಟ್ರಲ್ ಮಾಡಿ ತಾನ ಇಳಿಯಾಕ ಬಿಡು, ಎಂಜಿನ್ ಬಂದ್ ಮಾಡಬ್ಯಾಡ ಮತ್ತ, ಸ್ಟೇರಿಂಗ್ ಬ್ರೇಕ್ ಎಲ್ಲಾ ಬಿಗಿ ಆಗ್ತಾವು. ನ್ಯೂಟ್ರಲ್‌ನ್ಯಾಗೂ 60ರ ಹತ್ರ ನಡುಕ ಬಂತಂದ್ರ ಶಾಫ್ಟ್ ಇಲ್ಲಾ ಚಕ್ರ, ಎರಡರಾಗ ಒಂದು.

ಮನ್ಯಾಗ ಮಾಡೂ ಪರೀಕ್ಷೆ ಇನ್ನೊಂದೈತಿ. ಸಪಾಟ ಜಾಗದಾಗ ಗಾಡಿ ನಿಲ್ಲಿಸಿ ನಾಲ್ಕೂ ಚಕ್ರಕ್ಕ ಮುಂದ ಹಿಂದ ಗಟ್ಟಿ ಕಲ್ಲು ಕೊಡು. ಬರೇ ಜ್ಯಾಕಿನ ಮ್ಯಾಲೆ ನಂಬಿ ಕೆಳಗ ಹೋಗಬ್ಯಾಡ, ಸ್ಟ್ಯಾಂಡ್ ಇರಬೇಕು, ಇಲ್ಲಾಂದ್ರ ಸರ್ವಿಸ್ ಗುಂಡಿ ಇದ್ದಲ್ಲಿ ಹೋಗು. ಎಂಜಿನ್ ಬಂದ್, ಚಾವಿ ಕಿಸೆದಾಗ. ನ್ಯೂಟ್ರಲ್‌ನ್ಯಾಗ ಇಟ್ಟು ಎರಡೂ ಕೈಲೆ ಶಾಫ್ಟ್ ಹಿಡದು ಒಂದೊಂದ ಜಾಯಿಂಟಿನ ಹತ್ರ ಮ್ಯಾಲೆ ಕೆಳಗ ಒತ್ತು, ಬಲಕ್ಕ ಎಡಕ್ಕ ತಿರುವು. ಯೋಕಿಗೂ (ಕ್ರಾಸ್ ಹಿಡಿಯೂ ಎರಡು ಕಿವಿಯ ಕವಲು) ಕ್ರಾಸಿಗೂ ನಡುವ ಕಣ್ಣಿಗೆ ಕಾಣೂ ಅಷ್ಟು ಸಡಿಲ ಇರಬಾರದು. ಕ್ರಾಸಿನ ತುದಿಗೆ ಕೂಡೂ ಕಪ್ಪಿನ ಬಾಯಾಗ ಕೆಂಪು ತುಕ್ಕಿನ ಪುಡಿ ಬಂದಿದ್ರ ಒಳಗಿನ ಸೂಜಿ ಬೇರಿಂಗ್ ಒಣಗಿ ಹೋಗ್ಯಾವು ಅಂತ ತಿಳ್ಕೊ. ಶಾಫ್ಟನ್ನ ನಡುವ ಚಾಸಿಗೆ ಹಿಡದಿರೂ ಸೆಂಟರ್ ಬೇರಿಂಗಿನ ರಬ್ಬರ್ ನೋಡು, ಶಾಫ್ಟ್ ಎತ್ತಿದ್ರ ರಬ್ಬರಿನ್ಯಾಗ ಬಾಯಿ ಬಿಟ್ಟಂಗ ಸೀಳು ಕಾಣ್ತಂದ್ರ ನಿನ್ನ ಲೋಡಿನ ಗಡಗಡಕ್ಕ ಕಾರಣ ಅಲ್ಲೇ ಸಿಕ್ತು. ಶಾಫ್ಟ್ ಉದ್ದ ಗಿಡ್ಡ ಆಗಾಕ ಒಂದರಾಗೊಂದು ಜಾರೂ ಸ್ಲಿಪ್ ಜಾಯಿಂಟಿನ ಹಲ್ಲು ಸವದಿದ್ರೂ ಟಕ್ ಅಂತೈತಿ, ಅದನ್ನೂ ತಿರುವಿ ನೋಡು. ಫ್ಲೇಂಜ್ ಬೋಲ್ಟ್ ಒಂದೊಂದಕ್ಕೂ ಸ್ಪ್ಯಾನರ್ ಹಾಕು.

ನೋಡಿ ಬರಿ, ಮುಂದಿಂದು ಹೇಳ್ತೀನಿ.


ಮುಳಬಾಗಿಲು_ಪಿಕಪ್:

ಅಣ್ಣಾ ತುಂಬಾ ಥ್ಯಾಂಕ್ಸ್. ಇವತ್ತು ಬೆಳಗ್ಗೆ ನಂಗಲಿ ಕಡೆ ಹೈವೇಲಿ ಟ್ರೈ ಮಾಡ್ದೆ. ನಾಲ್ಕನೇ ಗೇರು ಐದನೇ ಗೇರು ಎರಡರಲ್ಲೂ 58ರಿಂದ 66ರ ತನಕ ಅದೇ ನಡುಕ. ನ್ಯೂಟ್ರಲ್ ಮಾಡಿದ್ರೂ ಇದೆ, ಒಂದು ಚೂರು ಕಮ್ಮಿ ಅನ್ನಿಸ್ತು. ಸ್ಟೇರಿಂಗ್ ಅಲುಗೋದಿಲ್ಲ, ಎಲ್ಲಾ ಸೀಟು ಮತ್ತೆ ಫ್ಲೋರಲ್ಲೇ.

ಬಂದು ಗಾಡಿ ತೊಳೆದೆ, ಘಟ್ಟದ ಅಣ್ಣ ಹೇಳ್ದಂಗೆ. ಮಣ್ಣು ಇತ್ತು ಆದ್ರೆ ತೆಗೆದ ಮೇಲೂ ವ್ಯತ್ಯಾಸ ಇಲ್ಲ. ಪೈಪಲ್ಲಿ ಗುಳಿ ಇಲ್ಲ, ಬ್ಯಾಲೆನ್ಸ್ ತುಂಡು ಮೂರೂ ಇದಾವೆ. ಹೊಸ ಕ್ರಾಸ್ ಎರಡೂ ಟೈಟು, ಮುಂದಿನ ಹಳೇದೂ ಸಡಿಲ ಇಲ್ಲ. ಸೆಂಟರ್ ಬೇರಿಂಗ್ ರಬ್ಬರು ಕೆಳಗಡೆ ಅರ್ಧ ಸೀಳಿದೆ, ಕೈಯಲ್ಲಿ ಎತ್ತಿದ್ರೆ ಒಂದು ಬೆರಳು ಅಗಲ ಮೇಲೆ ಹೋಗುತ್ತೆ. ಅದೇ ಕಾರಣನಾ? ಅಂದ್ರೆ ಖಾಲೀಲಿ ಯಾಕೆ ಜಾಸ್ತಿ ನಡುಗ್ಬೇಕು ಅನ್ನೋದು ಅರ್ಥ ಆಗ್ತಿಲ್ಲ.


ಡಿಪ್ಲೊಮಾ_ಮೇಷ್ಟ್ರು:

ತುಮಕೂರಲ್ಲಿ ಆಟೋಮೊಬೈಲ್ ಡಿಪ್ಲೊಮಾ ಹುಡುಗರಿಗೆ ಪಾಠ ಮಾಡ್ತೀನಿ. ಮಿಸ್ತ್ರಿಯವರು ಹೇಳಿದ ದಾರಿ ಸರಿಯಾಗಿದೆ, ನಾನು ಅದಕ್ಕೊಂದು ಲೆಕ್ಕ ಸೇರಿಸ್ತೀನಿ, ಇದರಿಂದ ಊಹೆ ಮಾಡೋದು ತಪ್ಪುತ್ತೆ.

ನಿಮ್ಮ ಟೈರ್ 215/75 ಆರ್15 ಅಂತ ಇಟ್ಕೊಳ್ಳೋಣ (ಸೈಡಲ್ಲಿ ಬರೆದಿರುತ್ತೆ, ಬೇರೆ ಆದ್ರೆ ಲೆಕ್ಕ ಬದಲಾಯಿಸಿ). ಅದರ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 16.7 ಮೀಟರ್, ಅಂದ್ರೆ ಚಕ್ರ ಸೆಕೆಂಡಿಗೆ 7.5 ಸುತ್ತು. ಹೌಸಿಂಗ್ ರೇಷಿಯೋ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಅನ್ನೋದು) 4.3 ಅಂತಾದ್ರೆ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ ಸುಮಾರು 32 ಸುತ್ತು ತಿರುಗುತ್ತೆ. ಈಗ ನೋಡಿ, ಚಕ್ರದ ತೊಂದರೆ ಆದ್ರೆ ಸೆಕೆಂಡಿಗೆ ಏಳೆಂಟು ಸಲ ಅಲುಗುತ್ತೆ, ಮೈಗೆ ಒಂದೊಂದೂ ಗೊತ್ತಾಗೋ ಹಂಗಿರುತ್ತೆ. ಶಾಫ್ಟ್ ಬ್ಯಾಲೆನ್ಸ್ ತಪ್ಪಿದ್ರೆ, ಬಗ್ಗಿದ್ರೆ, ಸುತ್ತಿಗೆ ಒಂದೇ ಸಲ, ಅಂದ್ರೆ 32. ಕ್ರಾಸ್ ಜಾಯಿಂಟಿನ ಕೋನ ಅಥವಾ ಜೋಡಣೆ ತಪ್ಪಿದ್ರೆ ಸುತ್ತಿಗೆ ಎರಡು ಸಲ, ಅಂದ್ರೆ 65ರ ಹತ್ರ, ಅದು ನಡುಕಕ್ಕಿಂತ ಗುಂಯ್ ಅನ್ನೋ ಹಂಗೇ ಇರುತ್ತೆ. ನೀವು ಬರೆದಿರೋದೂ ಗುಂಯ್ ಅಂತಾನೇ. ಫೋನಲ್ಲಿ ಕಂಪನ ಅಳೆಯೋ ಫ್ರೀ ಆ್ಯಪ್‌ಗಳಿವೆ, ಒಂದು ಹಾಕ್ಕೊಂಡು ಫೋನನ್ನ ಫ್ಲೋರ್ ಮೇಲೆ ಟೇಪ್ ಹಾಕಿ ಅಂಟಿಸಿ, ಬೇರೆ ಯಾರಾದ್ರೂ ಓಡಿಸ್ಲಿ, 60ರಲ್ಲಿ ಯಾವ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ) ಹತ್ರ ಗೀಟು ಎದ್ದು ನಿಲ್ಲುತ್ತೆ ನೋಡಿ.

ಎರಡು ಸಲ ಯಾಕೆ ಅಂದ್ರೆ, ಕ್ರಾಸ್ ಜಾಯಿಂಟ್ ಕೋನದಲ್ಲಿ ತಿರುಗೋವಾಗ ಒಂದು ಕಡೆ ಸಮವಾಗಿ ತಿರುಗಿದ್ರೂ ಇನ್ನೊಂದು ಕಡೆ ಸಮವಾಗಿ ತಿರುಗೋದಿಲ್ಲ, ಒಂದು ಸುತ್ತಲ್ಲಿ ಎರಡು ಸಲ ಜೋರಾಗಿ ಎರಡು ಸಲ ನಿಧಾನ ಆಗುತ್ತೆ. 6 ಡಿಗ್ರಿ ಕೋನಕ್ಕೆ ಈ ಏರಿಳಿತ ಅರ್ಧ ಪರ್ಸೆಂಟ್ ಮಾತ್ರ, ಆದ್ರೆ ಅಷ್ಟು ತೂಕದ ಪೈಪನ್ನ ಸೆಕೆಂಡಿಗೆ 65 ಸಲ ಎಳೆದು ಬಿಟ್ಟಂಗೆ ಆಗುತ್ತಲ್ಲ, ಆ ಪೆಟ್ಟು ಚಾಸಿಗೆ ಬರುತ್ತೆ. ಇದಕ್ಕೆ ಪರಿಹಾರ ಏನು ಅಂದ್ರೆ ಒಂದೇ ಶಾಫ್ಟಿನ ಇನ್ನೊಂದು ತುದೀಲಿ ಇನ್ನೊಂದು ಜಾಯಿಂಟ್, ಅಷ್ಟೇ ಕೋನದಲ್ಲಿ. ಮುಂದಿನದು ಮಾಡಿದ ಏರಿಳಿತವನ್ನ ಹಿಂದಿನದು ಅಳಿಸಿಹಾಕುತ್ತೆ, ಆದ್ರೆ ಆ ಶಾಫ್ಟಿನ ಎರಡೂ ತುದಿಯ ಯೋಕ್ ಒಂದೇ ನೇರದಲ್ಲಿ ಇದ್ರೆ ಮಾತ್ರ. ಸ್ಲಿಪ್ ಜಾಯಿಂಟ್ ಎಳೆದು ಬಿಚ್ಚಿ ಮತ್ತೆ ತೂರಿಸೋವಾಗ ನಾಲ್ಕಾರು ಹಲ್ಲು ಆಚೀಚೆ ಆದ್ರೆ ಯೋಕ್ ಓರೆ ಆಗುತ್ತೆ, ಆಗ ಅಳಿಸೋ ಬದಲು ಒಂದಕ್ಕೊಂದು ಸೇರ್ಕೊಳ್ಳುತ್ತೆ. ಖಾಲೀಲಿ ಜಾಸ್ತಿ ಯಾಕೆ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ: ಎಕ್ಸ್‌ಟ್ರಾ ಪ್ಲೇಟ್ ಹಾಕಿ ಚಾಸಿ ಮೇಲೆದ್ದಿದೆ, ಆಕ್ಸಲ್ ಕೆಳಗಿದೆ, ಹಿಂದಿನ ಶಾಫ್ಟ್ ಕಡಿದಾಗಿ ಇಳಿಯುತ್ತೆ, ಕೋನ ದೊಡ್ಡದಾಗುತ್ತೆ. ಲೋಡ್ ಬಿದ್ರೆ ಚಾಸಿ ಕೂತು ಕೋನ ಕಮ್ಮಿ, ನಡುಕ ಕಮ್ಮಿ.

ಶಾಫ್ಟ್ ಮೇಲೆ ಕಂಪನಿ ಬಾಣದ ಗುರುತು ಅಥವಾ ಚುಕ್ಕಿ ಹೊಡೆದಿರುತ್ತೆ, ಸ್ಲಿಪ್ ಯೋಕ್ ಮೇಲೂ ಪೈಪ್ ಮೇಲೂ. ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಒರೆಸಿ ಹುಡುಕಿ, ಎರಡೂ ಎದುರುಬದುರು ಇದಾವಾ ನೋಡಿ. ಫೋಟೋ ಹಾಕಿ.


ಮುಳಬಾಗಿಲು_ಪಿಕಪ್:

ಮೇಷ್ಟ್ರೇ, ಆ್ಯಪಲ್ಲಿ 60 ಸ್ಪೀಡಿಗೆ 64 ಹರ್ಟ್ಸ್ ಹತ್ರ ಉದ್ದ ಗೀಟು ಬಂತು, 32ರ ಹತ್ರ ಸಣ್ಣದು. ಟೈರ್ ನೀವು ಹೇಳಿದ ಸೈಜೇ.

ಡೀಸೆಲ್ ಹಾಕಿ ಉಜ್ಜಿದ್ರೆ ಗ್ರೀಸ್ ಕೆಳಗಡೆ ಬಾಣ ಸಿಕ್ತು. ಎರಡು ಬಾಣ ಎದುರಿಗಿಲ್ಲ, ಮೂರು ಹಲ್ಲು ಆಚೆ ಇದೆ. ಫೋಟೋ ಹಾಕಿದೀನಿ ನೋಡಿ, ಒಂದು ಯೋಕ್ ನೆಟ್ಟಗಿದ್ರೆ ಇನ್ನೊಂದು ಪೂರ್ತಿ ಓರೆ. ಒಂದು ತಿಂಗಳಿಂದ ಇದರ ಮೇಲೇ ಓಡಿಸಿದೀನಿ. ನಾಳಿದ್ದು ಭಾನುವಾರ ಶಾಫ್ಟ್ ಇಳಿಸ್ತೀನಿ, ಸೆಂಟರ್ ಬೇರಿಂಗೂ ತಂದಿಟ್ಕೊಂಡಿದೀನಿ. ಮುಂದಿನ ಹಳೇ ಕ್ರಾಸೂ ಬದಲಾಯಿಸ್ಲಾ, ಕೆಳಗೆ ಬಂದಿರುತ್ತಲ್ಲ? ಕ್ರಾಸ್ ನಾನು ಯಾವತ್ತೂ ಹಾಕಿಲ್ಲ, ಮಿಸ್ತ್ರಿ ಅಣ್ಣ ಸ್ವಲ್ಪ ಹೇಳ್ಕೊಡ್ತೀರಾ.


ಹುಬ್ಬಳ್ಳಿ_ಮಿಸ್ತ್ರಿ:

ಮೇಷ್ಟ್ರ ಲೆಕ್ಕ ಛಲೋ ಐತ್ರಿ, ನಾವು ಕಿವಿಲೆ ಕೇಳಿ ಹೇಳ್ತಿದ್ವಿ, ಇನ್ನ ನಮ್ಮ ಹುಡುಗರಿಗೂ ಇದನ್ನ ತೋರಿಸ್ತೀನಿ.

ತಮ್ಮಾ, ಇಳಸೂಕ್ಕ ಮೊದ್ಲ ಒಂದು ಮಾತು. ಶಾಫ್ಟ್ ಬಿಚ್ಚಿದ ಮ್ಯಾಲೆ ಗಾಡಿ ಗೇರಿನ್ಯಾಗ ಇದ್ರೂ ನಿಲ್ಲೂದಿಲ್ಲ, ಚಕ್ರಕ್ಕೂ ಎಂಜಿನ್ನಿಗೂ ಸಂಬಂಧನ ಇರೂದಿಲ್ಲ. ಕಲ್ಲು ಕೊಟ್ಟಿದ್ದು ತಗೀಬ್ಯಾಡ. ಪಿನಿಯನ್ ಫ್ಲೇಂಜಿಗೂ ಶಾಫ್ಟಿನ ಫ್ಲೇಂಜಿಗೂ, ಗೇರ್ ಬಾಕ್ಸ್ ಕಡೆಗೂ, ಬಿಳಿ ಪೇಂಟಿಲೆ ಗೀಟು ಎಳಿ, ಹಂಗ ವಾಪಸ್ ಕೂಡಬೇಕು. ಸೆಂಟರ್ ಬೇರಿಂಗ್ ಬ್ರ್ಯಾಕೆಟ್ ಬಿಚ್ಚೂವಾಗ ಚಾಸಿ ನಡುವ ದಪ್ಪ ವಾಷರ್ ಇಲ್ಲಾ ತಗಡು ಇದ್ರ ಎಷ್ಟು ಯಾವ ಕಡೆ ಅಂತ ಬರ್ದಿಡು. ಅವು ಸುಮ್ಮನ ಹಾಕಿದ್ದಲ್ಲ, ಶಾಫ್ಟಿನ ಎತ್ತರ ಸೆಟ್ ಮಾಡಾಕ ಹಾಕಿರ್ತಾರ.

ಮುಂದಿನ ಕ್ರಾಸ್ 1 ಲಕ್ಷ 84 ಸಾವಿರ ಓಡೇತಿ ಅಂದ್ರ ಹಾಕಿಬಿಡು. ಕಪ್ಪಿನ ಸುತ್ತ ತುಕ್ಕು ಕೆರದು ಪೆನೆಟ್ರೇಟಿಂಗ್ ಆಯಿಲ್ ಹೊಡದು ರಾತ್ರಿ ಬಿಡು. ಕಪ್ ಹಿಡದಿರೂ ನಾಲ್ಕೂ ಸರ್ಕ್ಲಿಪ್ (ರಿಂಗ್ ಕ್ಲಿಪ್) ತಗಿ. ವೈಸಿನ್ಯಾಗ ಒಂದು ಕಡೆ ಕಪ್ಪಿಗಿಂತ ಸಣ್ಣ ಸಾಕೆಟ್, ಇನ್ನೊಂದು ಕಡೆ ಕಪ್ಪು ಒಳಗ ಹೊಕ್ಕೂ ಅಷ್ಟು ದೊಡ್ಡ ಸಾಕೆಟ್ ಇಟ್ಟು ತಿರುವು, ಕಪ್ ಹೊರಗ ಬರ್ತೈತಿ. ಪೈಪನ್ನ ವೈಸಿನ್ಯಾಗ ಹಿಡದು ಒತ್ತಬ್ಯಾಡ, ಜಜ್ಜಿದ್ರ ಶಾಫ್ಟ್ ಹೋತು. ಸುತ್ತಿಗಿಲೆ ಯೋಕಿನ ಕಿವಿಗೆ ಹೊಡೆಯೂ ಮಿಸ್ತ್ರಿಗಳು ಭಾಳ ಮಂದಿ, ಕಿವಿ ಬಗ್ಗಿದ್ರ ಹೊಸ ಕ್ರಾಸ್ ಹತ್ತ ಸಾವಿರ ಕಿಲೋಮೀಟರೂ ಬರೂದಿಲ್ಲ.

ಹೊಸ ಕ್ರಾಸ್ ಹಾಕೂವಾಗ ಕಪ್ಪಿನ ಸೂಜಿ ಎಲ್ಲಾ ಗೋಡಿಗೆ ಗ್ರೀಸಿಲೆ ಅಂಟಿ ನಿಂತಾವ ನೋಡು. ಒಂದು ಸೂಜಿ ಜಾರಿ ತಳಕ್ಕ ಅಡ್ಡ ಬಿದ್ರ ಕಪ್ ಪೂರ್ತಿ ಒಳಗ ಹೋಗೂದಿಲ್ಲ, ಸರ್ಕ್ಲಿಪ್ ಕೂಡೂದಿಲ್ಲ. ಅವಾಗ ಜೋರ ಮಾಡಿ ಒತ್ತಿದಿ ಅಂದ್ರ ಮುಗೀತು, ತಗದು ನೋಡಬೇಕು. ನಾಲ್ಕೂ ಸರ್ಕ್ಲಿಪ್ ತಮ್ಮ ಸಂದಿನ್ಯಾಗ ಕಟ್ ಅಂತ ಕುಂತ ಮ್ಯಾಲೆ ಯೋಕಿಗೆ ಮರದ ಸುತ್ತಿಗಿಲೆ ಹಗೂರಕ ಒಂದ ಪೆಟ್ಟು, ಆಮ್ಯಾಲೆ ಕೈಲೆ ಎಲ್ಲಾ ದಿಕ್ಕಿಗೂ ಆಡಿಸು. ಒಂದ ನಮೂನಿ ಮೆತ್ತಗ ಆಡಬೇಕು, ಒಂದು ಕಡೆ ಬಿಗಿ ಒಂದು ಕಡೆ ಹಗೂರ ಇರಬಾರದು. ಗ್ರೀಸ್ ನಿಪ್ಪಲ್ ಗನ್ ಹೋಗೂ ಕಡೆ ಮುಖ ಮಾಡಿ ಇರಲಿ, ಮಂದಿ ಇದನ್ನ ಮರೀತಾರ, ಆಮ್ಯಾಲೆ ಜೀವನಪೂರ್ತಿ ಆ ಕ್ರಾಸಿಗೆ ಗ್ರೀಸ್ ಇಲ್ಲ. ಲಿಥಿಯಂ ಇಪಿ 2 ಗ್ರೀಸ್ ಹೊಡಿ, ನಾಲ್ಕೂ ಕಪ್ಪಿನ ಸೀಲಿನಿಂದ ಹೊಸ ಗ್ರೀಸ್ ಇಣುಕೂ ತನಕ.

ಶಾಫ್ಟ್ ಕೆಳಗಿದ್ದಾಗನ ಪಿನಿಯನ್ ಫ್ಲೇಂಜ್ ಕೈಲೆ ಹಿಡದು ಮ್ಯಾಲೆ ಕೆಳಗ ಅಲುಗಿಸು. ಒಂಚೂರೂ ಅಲುಗಬಾರದು. ತಿರುವಿದ್ರ ಸ್ವಲ್ಪ ಆಟ ಇರ್ತೈತಿ, ಅದು ಹಲ್ಲಿನ ನಡುವಿನ ಗ್ಯಾಪು, ಹೆದರಬ್ಯಾಡ. ಏನ ಆದ್ರೂ ಪಿನಿಯನ್ ನಡುವಿನ ದೊಡ್ಡ ನಟ್ ಬಿಗಿ ಮಾಡಾಕ ಹೋಗಬ್ಯಾಡ, ಅದರ ಬಿಗಿ ಬೇರಿಂಗಿನ ಪ್ರೀಲೋಡಿಗೆ, ಅಂದ್ರ ಬೇರಿಂಗ್ ಮ್ಯಾಲೆ ಅಳತಿ ಮಾಡಿ ಕೊಟ್ಟ ಒತ್ತಡಕ್ಕ, ಸಂಬಂಧ. ಫ್ಲೇಂಜಿಗೆ ಹಳೇ ನಟ್ ಹಾಕಬ್ಯಾಡ, ಹೊಸ ಲಾಕ್ ನಟ್ ತಗೊ. ಬೋಲ್ಟ್ ಬೇಕಾದ್ರ ಅದ ಗ್ರೇಡಿಂದು, ತಲಿ ಮ್ಯಾಲೆ ನಂಬರ್ ನೋಡಿ ತಗೊ, ಹಾರ್ಡ್‌ವೇರ್ ಅಂಗಡಿ ಸಾದಾ ಬೋಲ್ಟ್ ಇಲ್ಲಿ ನಡಿಯೂದಿಲ್ಲ.


ಹಾಲಿನ_ರೂಟ್_ಮಂಡ್ಯ:

ನಡುವೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಂದೂ ಪಿಕಪ್ಪೇ, ಬೆಳಗ್ಗೆ ಹಾಲಿನ ಕ್ಯಾನ್ ಹೊಡೀತೀನಿ. ನಿಧಾನಕ್ಕೆ ಊರೊಳಗೆ ಹೋಗೋವಾಗ ಕೆಳಗಡೆ ಗುಬ್ಬಚ್ಚಿ ಕೂಗಿದಂಗೆ ಚಿಕ್ ಚಿಕ್ ಚಿಕ್ ಅನ್ನುತ್ತೆ, ಸ್ಪೀಡ್ ಜಾಸ್ತಿ ಆದ್ರೆ ಸದ್ದೂ ಬೇಗ ಬೇಗ, 30 ದಾಟಿದ್ರೆ ಕೇಳಿಸಲ್ಲ. ಮಳೆ ಬಂದ ದಿನ ಇರಲ್ಲ. ನಡುಕ ಏನೂ ಇಲ್ಲ. ಇದಕ್ಕೂ ಕ್ರಾಸೇನಾ?


ಘಟ್ಟದ_ಅಡಿಕೆ_ಗಾಡಿ:

ಹೌದು, ಅದು ಕ್ರಾಸ್ ಒಣಗಿದ ಸದ್ದು. ಇವತ್ತೇ ಗ್ರೀಸ್ ಹೊಡೆಸಿ. ಹೊಡೆಸಿದ ಮೇಲೆ ಎರಡು ದಿನ ಸುಮ್ಮನಿದ್ದು ಮತ್ತೆ ಶುರುವಾದ್ರೆ ಸೂಜಿ ಸವೆದಾಗಿದೆ ಅಂತ ಲೆಕ್ಕ, ಬದಲಾಯಿಸಬೇಕು. ನನಗೆ ಚಾರ್ಮಾಡಿಯಲ್ಲಿ ಆದದ್ದೂ ಇಲ್ಲಿಂದಲೇ ಶುರು ಆದದ್ದು. ನೀರಲ್ಲಿ ಗಾಡಿ ಇಳಿಸಿ ತೊಳೆಯುವ ಅಭ್ಯಾಸ ಇದ್ರೆ ಪ್ರತಿ ಸಲ ತೊಳೆದ ಮೇಲೆ ಗ್ರೀಸ್ ಹೊಡೀಬೇಕು, ನೀರು ಸೀಲ್ ದಾಟಿ ಒಳಗೆ ಹೋಗ್ತದೆ. ನಿಪ್ಪಲ್ ಇಲ್ಲದ ಸೀಲ್ಡ್ ಕ್ರಾಸ್ ಆದ್ರೆ ಗ್ರೀಸ್ ಹೊಡೆಯುವ ಪ್ರಶ್ನೆಯೇ ಇಲ್ಲ, ಸದ್ದು ಬಂದ್ರೆ ಬದಲಾಯಿಸುವುದೇ.


ಮುಳಬಾಗಿಲು_ಪಿಕಪ್:

ಭಾನುವಾರ ಪೂರ್ತಿ ಇದೇ ಕೆಲಸ ಆಯ್ತು, ತಮ್ಮನೂ ಜೊತೆಗಿದ್ದ. ಬಾಣಕ್ಕೆ ಬಾಣ ಸೇರಿಸಿ ತೂರಿಸಿದ್ವಿ, ಮುಂದಿನ ಕ್ರಾಸ್ ಹೊಸದು, ಸೆಂಟರ್ ಬೇರಿಂಗ್ ಹೊಸದು. ಹಳೇ ಕ್ರಾಸ್ ಬಿಚ್ಚಿ ನೋಡಿದ್ರೆ ಕಾಲಿನ ಮೇಲೆ ಸೂಜಿ ಕೂತು ಕೂತು ಗೀರು ಬಿದ್ದಿತ್ತು, ಬೆರಳಿಗೆ ತಾಗೋ ಅಷ್ಟು. ಹೊಸದರಲ್ಲಿ ಒಂದು ಸೂಜಿ ಬಿದ್ದೇ ಬಿಡ್ತು, ಸರ್ಕ್ಲಿಪ್ ಕೂತ್ಕೊಳ್ಳಲಿಲ್ಲ, ಮಿಸ್ತ್ರಿ ಅಣ್ಣ ಬರೆದಿದ್ದು ನೆನಪಾಗಿ ವಾಪಸ್ ತೆಗೆದ್ವಿ. ಸೆಂಟರ್ ಬೇರಿಂಗ್ ಬ್ರ್ಯಾಕೆಟ್ಟಲ್ಲಿ ಒಂದು ಕಡೆ ಎರಡು ವಾಷರ್ ಇತ್ತು ಇನ್ನೊಂದು ಕಡೆ ಒಂದೂ ಇಲ್ಲ, ಕಳ್ದ ಸಲ ಬಿಚ್ಚಿದಾಗಲೇ ಬಿದ್ದುಹೋಗಿರ್ಬೇಕು, ಪೇಂಟ್ ಮೇಲೆ ವಾಷರ್ ಗುರುತು ಇತ್ತು. ಅದೇ ದಪ್ಪದ್ದು ಹಾಕಿದೆ.

ಓಡಿಸಿದ್ರೆ ಲೋಡಲ್ಲಿ ಎತ್ತೋವಾಗಿನ ಗಡಗಡ ಇಲ್ಲವೇ ಇಲ್ಲ. ಖಾಲೀಲಿ 60ಕ್ಕೆ ನಡುಕ ಮುಕ್ಕಾಲು ಭಾಗ ಹೋಗಿದೆ. ಆದ್ರೆ ಇನ್ನೂ ಸ್ವಲ್ಪ ಗುಂಯ್ ಉಳಿದಿದೆ, ಆ್ಯಪಲ್ಲೂ 64ರ ಹತ್ರ ಸಣ್ಣ ಗೀಟು. ಇದು ಪ್ಲೇಟಿಂದಾನಾ ಮೇಷ್ಟ್ರೇ?


ಡಿಪ್ಲೊಮಾ_ಮೇಷ್ಟ್ರು:

ಹೌದು, ಇನ್ನು ಉಳಿದಿರೋದು ಕೋನ. ಅದನ್ನೂ ಫೋನಲ್ಲೇ ಅಳೆಯಬಹುದು, ಲೆವೆಲ್ ಆ್ಯಪ್ ಡಿಗ್ರಿ ತೋರಿಸುತ್ತೆ. ಗಾಡಿ ಖಾಲಿ ಇರಲಿ, ನಾಲ್ಕು ಚಕ್ರದ ಮೇಲೇ ನಿಂತಿರಲಿ, ಜ್ಯಾಕ್ ಹಾಕಿ ಆಕ್ಸಲ್ ತೂಗಾಡಿಸಿದ್ರೆ ಕೋನ ತಪ್ಪು ಬರುತ್ತೆ. ಮುಂದಿನ ಶಾಫ್ಟ್ ಪೈಪ್ ಮೇಲೆ ಒಂದು ಸಲ, ಹಿಂದಿನ ಪೈಪ್ ಮೇಲೆ ಒಂದು ಸಲ ಇಡಿ. ಪಿನಿಯನ್‌ಗೆ ಅದರ ಫ್ಲೇಂಜ್ ಮುಖಕ್ಕೆ ಫೋನ್ ಒತ್ತಿ ಹಿಡಿದು 90ರಿಂದ ಎಷ್ಟು ವಾಲಿದೆ ನೋಡಿ. ಒಂದು ಜಾಯಿಂಟಿನ ಕೋನ ಅಂದ್ರೆ ಅದರ ಎರಡೂ ಕಡೆಯ ಅಳತೆಗಳ ವ್ಯತ್ಯಾಸ. ಹೈವೇ ಸ್ಪೀಡಿಗೆ ಒಂದೊಂದು ಜಾಯಿಂಟ್ 3 ಡಿಗ್ರಿ ಒಳಗಿದ್ರೆ ಉತ್ತಮ, ಹಿಂದಿನ ಶಾಫ್ಟಿನ ಎರಡು ತುದಿ ಒಂದಕ್ಕೊಂದು 1 ಡಿಗ್ರಿಗಿಂತ ಜಾಸ್ತಿ ಬೇರೆ ಇರಬಾರದು. ಸೊನ್ನೆಯೂ ಆಗಬಾರದು, ಅರ್ಧ ಡಿಗ್ರಿಯಾದ್ರೂ ಇದ್ರೆ ಸೂಜಿ ಉರುಳುತ್ತೆ, ಇಲ್ಲಾಂದ್ರೆ ಒಂದೇ ಜಾಗದಲ್ಲಿ ಕೂತು ನಿಮ್ಮ ಹಳೇ ಕ್ರಾಸಲ್ಲಿ ಕಂಡಂಥ ಗೀರು ಮಾಡುತ್ತೆ.


ಮುಳಬಾಗಿಲು_ಪಿಕಪ್:

ಅಳೆದೆ. ಮುಂದಿನ ಪೈಪ್ 2, ಹಿಂದಿನ ಪೈಪ್ 7.5, ಪಿನಿಯನ್ 1.5. ಅಂದ್ರೆ ನಡುವಿನ ಜಾಯಿಂಟ್ 5.5, ಹಿಂದಿನದು 6. ಎರಡೂ ಹತ್ರ ಹತ್ರ ಇದೆ ಆದ್ರೆ ಎರಡೂ ಜಾಸ್ತಿ.

ಕಮಾನು ಕೆಲಸದವರ ಹತ್ರ ಹೋಗಿ ಎರಡೂ ಕಡೆ ಹೊಸದಾಗಿ ಹಾಕಿದ್ದ ಎರಡರಲ್ಲಿ ಒಂದೊಂದು ಪ್ಲೇಟ್ ತೆಗೆಸಿದೆ. ಈಗ ಹಿಂದಿನ ಪೈಪ್ 5.5ಕ್ಕೆ ಬಂದಿದೆ, ಉಳಿದೆರಡು ಅಷ್ಟೇ, ಜಾಯಿಂಟ್ 3.5 ಮತ್ತೆ 4. ಖಾಲೀಲಿ 60, 65, 70 ಯಾವುದ್ರಲ್ಲೂ ಕನ್ನಡಿ ಅಲುಗ್ತಿಲ್ಲ. ನಿನ್ನೆ ರಾತ್ರಿ 80 ಬಾಕ್ಸ್ ತುಂಬಿ ಕೋಲಾರಕ್ಕೆ ಹೋಗಿ ಬಂದೆ. ಇನ್ನು 110, 120 ಬಾಕ್ಸ್ ಹಾಕು ಅಂತ ಯಾರು ಕೇಳಿದ್ರೂ ಒಪ್ಪಲ್ಲ, ಪ್ಲೇಟ್ ಹಾಕಿಸಿದ್ದೇ ಆ ಎಕ್ಸ್‌ಟ್ರಾ ಬಾಕ್ಸಿಗೋಸ್ಕರ. ಒಂದೇ ತೋಟದಲ್ಲಿ ಅಷ್ಟು ಮಾಲಿದ್ರೆ ಎರಡು ಟ್ರಿಪ್ ಹೊಡೀತೀನಿ ಅಂತ ರೈತರಿಗೆ ಹೇಳಿದೀನಿ.

ಖರ್ಚಾಗಿದ್ದು ಒಂದು ಕ್ರಾಸ್, ಒಂದು ಸೆಂಟರ್ ಬೇರಿಂಗ್, ಎಂಟು ಲಾಕ್ ನಟ್, ಗ್ರೀಸ್, ಕಮಾನು ಕೂಲಿ. ಶಾಫ್ಟೂ ಹಳೇದೇ, ಹೌಸಿಂಗೂ ಬಿಚ್ಚಿಲ್ಲ. ಮಿಸ್ತ್ರಿ ಅಣ್ಣ, ಮೇಷ್ಟ್ರು, ಘಟ್ಟದ ಅಣ್ಣ, ಮೂರು ಜನರಿಗೂ ಕೈಮುಗೀತೀನಿ. 500 ಕಿಲೋಮೀಟರ್ ಓಡಿಸಿ ಫ್ಲೇಂಜ್ ಬೋಲ್ಟ್ ಇನ್ನೊಂದು ಸಲ ಟೈಟ್ ಇದಾವಾ ಅಂತ ನೋಡಿ ಇಲ್ಲೇ ಬರೀತೀನಿ.


ಹುಬ್ಬಳ್ಳಿ_ಮಿಸ್ತ್ರಿ:

ಛಲೋ ಆತು ತಮ್ಮಾ. ಆ ಬಾಣದ ಮ್ಯಾಲೆ ಹಳದಿ ಪೇಂಟ್ ಹಚ್ಚಿ ಬಿಡು, ಮುಂದ ಯಾರ ಬಿಚ್ಚಿದ್ರೂ ಕಾಣಬೇಕು.